ವಠಾರ ಉಳಿಯಿತು, ವಠಾರದವರು?

ನೀವು ಯಾವತ್ತಾದರೂ ಬರ್ಲಿನ್ನಿಗೆ ಬಂದು ನಮ್ಮ ಮನೆ ಹುಡುಕಿದರೆ ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಬೀದಿಗೆ ಕಾಣುವ ಕಟ್ಟಡದಲ್ಲಿ ನಾವಿಲ್ಲ. ದೊಡ್ಡ ಮರದ ಬಾಗಿಲು ತಳ್ಳಿ, ಕಮಾನಿನ ಕೆಳಗೆ ನಿಲ್ಲಿಸಿದ ಸೈಕಲ್ಲುಗಳನ್ನು ದಾಟಿ ಅಂಗಳಕ್ಕೆ ಬರಬೇಕು. ಎಡಕ್ಕೊಂದು ಕಟ್ಟಡ, ಬಲಕ್ಕೊಂದು ಕಟ್ಟಡ, ಎದುರಿಗೆ ಇನ್ನೊಂದು. ಆ ಎದುರಿನದರ ಮೂರನೇ ಮಹಡಿ ನಮ್ಮದು. ಲಿಫ್ಟ್ ಇಲ್ಲ.

ಅಮ್ಮ ಮೈಸೂರಿನಿಂದ ಮೊದಲ ಸಲ ಬಂದಾಗ ಅಂಗಳದ ನಡುವೆ ಸೂಟ್‌ಕೇಸ್ ನಿಲ್ಲಿಸಿ, ಸುತ್ತಲೂ ತಲೆಯೆತ್ತಿ ನೋಡಿದರು. ಒಂದು ಕಿಟಕಿಯಲ್ಲಿ ಯಾರೋ ಕಂಬಳಿ ಒಣಗಿ ಹಾಕಿದ್ದರು, ಇನ್ನೊಂದರಿಂದ ಈರುಳ್ಳಿ ಹುರಿಯುವ ವಾಸನೆ. "ಇದು ವಠಾರ ಕಣೋ. ಇದಕ್ಕೋಸ್ಕರ ಇಷ್ಟು ದೂರ ಬಂದ್ಯಾ?" ಅಂದರು.

ಇಲ್ಲೇ ಹುಟ್ಟಿ ಬೆಳೆದ ಎಳೆಯರಿಗೆ ವಠಾರ ಅಂದರೆ ಗೊತ್ತಿಲ್ಲದೆ ಇರಬಹುದು. ಒಂದೇ ಅಂಗಳದ ಸುತ್ತ ಸಾಲಾಗಿ ಚಿಕ್ಕ ಚಿಕ್ಕ ಬಾಡಿಗೆ ಮನೆಗಳು, ಎಲ್ಲಕ್ಕೂ ಒಬ್ಬರೇ ಮಾಲೀಕರು, ಎಲ್ಲರಿಗೂ ಸೇರಿ ಒಂದು ನಲ್ಲಿ, ಒಂದೋ ಎರಡೋ ಕಕ್ಕಸು. ಬೆಂಗಳೂರು, ಮೈಸೂರಿನಲ್ಲಿ ನಿಮ್ಮ ಅಜ್ಜ-ಅಜ್ಜಿ ಸಂಸಾರ ಶುರು ಮಾಡಿದ್ದು ಬಹುಶಃ ಇಂಥ ಒಂದು ಮನೆಯಲ್ಲೇ. ಅಮ್ಮ ಹೇಳಿದ್ದು ತಮಾಷೆಗಾದರೂ ಅದು ಇತಿಹಾಸದ ದೃಷ್ಟಿಯಿಂದ ನೂರಕ್ಕೆ ನೂರು ಸರಿ. ಈ ತಿಂಗಳ ಕಂತಿನಲ್ಲಿ ಆ ಕಥೆಯ ಅರ್ಧ ಮಾತ್ರ ಹೇಳೋಕೆ ಆಯ್ತು. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೀನಿ. ಕೊನೆಯಲ್ಲಿ ನನಗೆ ಬಂದ ಒಂದು ಫೋನ್ ಕರೆಯ ವಿಷಯವೂ ಇದೆ. ಅದನ್ನು ಮೈಕಿನ ಮುಂದೆ ಹೇಳೋಕೆ ಧೈರ್ಯ ಬರಲಿಲ್ಲ.

ಬಾಡಿಗೆ ಬ್ಯಾರಕ್ಕುಗಳ ಊರು

19ನೇ ಶತಮಾನದ ನಡುವಿನಲ್ಲಿ ಬರ್ಲಿನ್ನಿಗೆ ಕಾರ್ಖಾನೆಗಳು ಬಂದವು, ಕಾರ್ಖಾನೆಗಳ ಹಿಂದೆ ಜನ ಬಂದರು. 1862ರಲ್ಲಿ ಜೇಮ್ಸ್ ಹೋಬ್ರೆಕ್ಟ್ ಎಂಬ ಎಂಜಿನಿಯರ್ ಊರು ಹೇಗೆ ಬೆಳೆಯಬೇಕು ಅಂತ ಒಂದು ನಕ್ಷೆ ಬರೆದ. ಅದರಲ್ಲಿ ಅಗಲವಾದ ಬೀದಿಗಳು, ಅವುಗಳ ನಡುವೆ ಬಹಳ ದೊಡ್ಡ ಚೌಕಗಳು. ಚೌಕದ ಒಳಗೆ ಏನು ಕಟ್ಟಬೇಕು ಅನ್ನೋದು ಭೂಮಾಲೀಕರಿಗೆ ಬಿಟ್ಟದ್ದು. ಅವರು ಮಾಡಿದ್ದು ಲಾಭದ ಲೆಕ್ಕ. ಬೀದಿಯ ಬದಿಗೆ ಚಂದದ ಮುಂಭಾಗ, ಹಿಂದೆ ಅಂಗಳ, ಅಂಗಳದ ಹಿಂದೆ ಇನ್ನೊಂದು ಕಟ್ಟಡ, ಅದರ ಹಿಂದೆ ಮತ್ತೊಂದು ಅಂಗಳ. ಜರ್ಮನ್ನಲ್ಲಿ ಇದಕ್ಕೆ ಮೀಟ್ಸ್‌ಕಸರ್ನೆ ಅಂತ ಹೆಸರು, ಅಂದರೆ ಬಾಡಿಗೆ ಬ್ಯಾರಕ್ಕು.

ಅಂಗಳ ಎಷ್ಟು ದೊಡ್ಡದಿರಬೇಕು ಗೊತ್ತಾ? 1853ರ ಕಟ್ಟಡ ನಿಯಮದ ಪ್ರಕಾರ ಕನಿಷ್ಠ 5.34 ಮೀಟರ್ ಉದ್ದ, 5.34 ಮೀಟರ್ ಅಗಲ. ನಮ್ಮೂರಿನ ಲೆಕ್ಕದಲ್ಲಿ ಬರೀ ಮೂರು ಚದರ. ಆಗಿನ ಕಾಲದ ಬೆಂಕಿ ಆರಿಸುವ ಬಂಡಿ ತಿರುಗಿಸಿಕೊಳ್ಳೋಕೆ ಅಷ್ಟು ಜಾಗ ಸಾಕಾಗ್ತಿತ್ತು. ಮನುಷ್ಯರಿಗೆ ಗಾಳಿ-ಬೆಳಕು ಎಷ್ಟು ಬೇಕು ಅಂತ ಯಾರೂ ಅಳೆದಿರಲಿಲ್ಲ.

ಮುಂದಿನ ಮನೆಯಲ್ಲಿ ಅಧಿಕಾರಿಗಳು, ವ್ಯಾಪಾರಿಗಳು. ಹಿಂದಿನ ಮನೆಯಲ್ಲಿ ಕೂಲಿಯವರು, ಒಂದು ಕೋಣೆ ಒಂದು ಅಡುಗೆಮನೆಯಲ್ಲಿ ಇಡೀ ಸಂಸಾರ. ಕಕ್ಕಸು ಮೆಟ್ಟಿಲಿನ ತಿರುವಿನಲ್ಲಿ ಅಥವಾ ಅಂಗಳದಲ್ಲಿ. ಬಡವರು-ಶ್ರೀಮಂತರು ಒಂದೇ ಬಾಗಿಲಿನಲ್ಲಿ ಓಡಾಡಿದರೆ ಸಮಾಜಕ್ಕೆ ಒಳ್ಳೆಯದು ಅಂತ ಹೋಬ್ರೆಕ್ಟ್ ವಾದಿಸಿದ್ದ. ಆದರೆ ಹಿಂದಿನ ಮನೆಗಳಲ್ಲಿ ಕ್ಷಯರೋಗ ತುಂಬಿತ್ತು. 1930ರಲ್ಲಿ ವೆರ್ನರ್ ಹೇಗೆಮನ್ ಎಂಬ ನಗರ ವಿಮರ್ಶಕ ಇದು ಜಗತ್ತಿನ ಅತಿದೊಡ್ಡ ಬಾಡಿಗೆ ಬ್ಯಾರಕ್ಕುಗಳ ಊರು ಅಂತ ಪುಸ್ತಕವನ್ನೇ ಬರೆದ. ಅದು ಹೊಗಳಿಕೆಯಲ್ಲ, ಬೈಗುಳ.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಇವತ್ತು ಪ್ರವಾಸಿಗರು ಫೋಟೋ ತೆಗೆಯುವ ಈ ಹಳೆ ಮನೆಗಳು ಹುಟ್ಟಿನಿಂದ ಪರಂಪರೆ ಆಗಿರಲಿಲ್ಲ. ನೂರು ವರ್ಷ ಇವು ಊರಿನ ಅವಮಾನ ಆಗಿದ್ದವು.

ಕೆಡವುವ ಲೆಕ್ಕ

ಎರಡನೇ ಮಹಾಯುದ್ಧದ ಬಾಂಬುಗಳು ಬರ್ಲಿನ್ನಿನ ಎಷ್ಟೋ ಭಾಗ ನೆಲಸಮ ಮಾಡಿದವು. 1961ರ ಆಗಸ್ಟ್ 13ಕ್ಕೆ ಗೋಡೆ ಎದ್ದಿತು. ನಮ್ಮ ಕ್ರಾಯ್ಟ್ಸ್‌ಬೆರ್ಗ್ ಬಡಾವಣೆಯ ಪೂರ್ವಭಾಗಕ್ಕೆ ಮೂರು ಕಡೆ ಗೋಡೆ. ಊರಿನ ನಡುವೆ ಇದ್ದ ಜಾಗ ಒಂದೇ ರಾತ್ರಿಗೆ ಊರಿನ ಅಂಚಾಯ್ತು. ಅನುಕೂಲ ಇದ್ದವರು ಬೇರೆ ಕಡೆ ಹೋದರು.

1963ರಲ್ಲಿ ಪಶ್ಚಿಮ ಬರ್ಲಿನ್ ಸರ್ಕಾರ ತನ್ನ ಮೊದಲ ನಗರ ನವೀಕರಣ ಯೋಜನೆ ಪ್ರಕಟಿಸಿತು. ಅದರ ವ್ಯಾಪ್ತಿಗೆ ಬಂದದ್ದು ಸುಮಾರು 56,000 ಮನೆಗಳು. ನವೀಕರಣ ಅಂದರೆ ಬಹುಪಾಲು ಕೆಡವುವುದು. ಜರ್ಮನ್ನಲ್ಲಿ ಈ ವಿಧಾನಕ್ಕೆ ಕಾಲ್‌ಶ್ಲಾಗ್ ಅಂತಾರೆ, ಕಾಡನ್ನು ಒಂದು ಮರವೂ ಬಿಡದೆ ಬೋಳಿಸೋದಕ್ಕೆ ಬಳಸುವ ಶಬ್ದ. ಓರಾನಿಯೆನ್ ಚೌಕದ ಮೇಲೆ ಹೆದ್ದಾರಿ ಹಾಯಿಸುವ ನಕ್ಷೆಯೂ ತಯಾರಾಗಿತ್ತು. ಕೊಟ್‌ಬುಸರ್ ಟೋರ್ ಮೆಟ್ರೋ ನಿಲ್ದಾಣದ ಪಕ್ಕ ಬೀದಿಯನ್ನೇ ದಾಟಿ ನಿಂತಿರುವ ದೊಡ್ಡ ಕಾಂಕ್ರೀಟ್ ಕಟ್ಟಡ ನೋಡಿದ್ದೀರಲ್ವಾ? 1974ರಲ್ಲಿ ಮುಗಿದ ಅದು ಆ ಯುಗದ ಗುರುತು.

ಕೆಡವುವ ಮನಸ್ಸು ಇಟ್ಟವರೆಲ್ಲ ಕೆಟ್ಟವರು ಅಂತ ನಾನು ಹೇಳಲ್ಲ. ಕಕ್ಕಸು ಮನೆಯೊಳಗೆ ಇರಬೇಕು, ಬಿಸಿಲು ಬರಬೇಕು, ಮಕ್ಕಳು ಕೆಮ್ಮಬಾರದು ಅನ್ನೋ ಆಸೆ ನಿಜವಾದದ್ದೇ. ತೊಂದರೆ ಇದ್ದದ್ದು ಹಣ ಹರಿಯುವ ದಾರಿಯಲ್ಲಿ. ಹೊಸದು ಕಟ್ಟಿದರೆ ಸರ್ಕಾರದ ಸಹಾಯಧನ, ತೆರಿಗೆ ರಿಯಾಯಿತಿ. ಹಳೆಯದನ್ನು ರಿಪೇರಿ ಮಾಡಿದರೆ ಕೈಯಿಂದ ಖರ್ಚು. ಹಾಗಾದರೆ ಜಾಣ ಮಾಲೀಕ ಏನು ಮಾಡ್ತಾನೆ? ಸೋರುವ ಸೂರು ಸೋರಲಿ ಅಂತ ಬಿಡ್ತಾನೆ. ಕೆಡವೋಕೆ ಅನುಮತಿ ಸಿಗುವಷ್ಟು ಕೆಡಲಿ ಅಂತ ಕಾಯ್ತಾನೆ.

ಕಾಯುವ ಆ ವರ್ಷಗಳಲ್ಲಿ ಮನೆ ಖಾಲಿ ಯಾಕೆ ಇರಬೇಕು? 1961ರ ಅಕ್ಟೋಬರ್‌ನಲ್ಲಿ ಪಶ್ಚಿಮ ಜರ್ಮನಿ ಟರ್ಕಿಯ ಜೊತೆ ಕಾರ್ಮಿಕರನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. ಹಾಗೆ ಬಂದವರಿಗೆ ಬೇರೆ ಕಡೆ ಯಾರೂ ಮನೆ ಕೊಡ್ತಿರಲಿಲ್ಲ. ಇಲ್ಲಿ ಸಿಗ್ತಿತ್ತು. ಹೇಗೂ ಕೆಡವುವ ಮನೆ, ಹೇಗೂ ವಾಪಸ್ ಹೋಗುವ ಜನ ಅನ್ನುವ ಲೆಕ್ಕ.

ನಮ್ಮ ಕೆಳಗಿನ ಮನೆಯ ಅಜ್ಜಿ ಹಾಗೆ ಬಂದವರು. ಎಲ್ಲರೂ ಅವರನ್ನು ತೇಯ್ಜೆ ಅಂತಾರೆ. ಟರ್ಕಿಶ್‌ನಲ್ಲಿ ಅಮ್ಮನ ಅಕ್ಕತಂಗಿಯರು ತೇಯ್ಜೆ, ಅಪ್ಪನ ಅಕ್ಕತಂಗಿಯರು ಹಾಲಾ. ಚಿಕ್ಕಮ್ಮ ಬೇರೆ, ಅತ್ತೆ ಬೇರೆ ಅನ್ನೋ ನಮ್ಮ ಹಾಗೇ. ಜರ್ಮನ್ನರಿಗೆ ಇಬ್ಬರೂ ಒಂದೇ. ತೇಯ್ಜೆ ಇಪ್ಪತ್ತೆರಡನೇ ವಯಸ್ಸಿಗೆ ರೇಡಿಯೋ ಭಾಗ ಜೋಡಿಸುವ ಕಾರ್ಖಾನೆಗೆ ಬಂದರು. ಈ ಮನೆಗೆ ಬಂದಾಗ ಕರಾರು ಒಂದೇ ವರ್ಷಕ್ಕೆ, ಮುಂದಿನ ವರ್ಷ ಕೆಡವ್ತೀವಿ ಅಂತ ಹೇಳಿಯೇ ಕೊಟ್ಟಿದ್ದರಂತೆ. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ.

ಸುತ್ತಿಗೆ ಹಿಡಿದು ನುಗ್ಗಿದವರು

1970ರ ದಶಕದ ಕೊನೆಗೆ ಇಲ್ಲಿ ವಿಚಿತ್ರ ಪರಿಸ್ಥಿತಿ. ಒಂದು ಕಡೆ ಮನೆ ಸಿಗದೆ ಜನ ಅಲೀತಿದ್ದಾರೆ, ಇನ್ನೊಂದು ಕಡೆ ಬೀದಿಗಟ್ಟಲೆ ಮನೆಗಳು ಬೇಕಂತಲೇ ಖಾಲಿ. 1979ರ ಹೊತ್ತಿಗೆ ಕ್ರಾಯ್ಟ್ಸ್‌ಬೆರ್ಗಿನ ನಿವಾಸಿಗಳು ಖಾಲಿ ಮನೆಗಳಿಗೆ ನುಗ್ಗಿ, ನುಗ್ಗಿದ ದಿನವೇ ಗಾರೆ ಕೆಲಸ ಶುರು ಮಾಡಿದರು. ಕಿಟಕಿಗೆ ಗಾಜು ಕೂರಿಸಿದರು, ಸೂರು ಮುಚ್ಚಿದರು. ಜರ್ಮನ್ನಲ್ಲಿ ದುರಸ್ತಿಗೆ ಇನ್‌ಸ್ಟಾಂಡ್‌ಸೆಟ್ಸುಂಗ್, ಆಕ್ರಮಿಸೋದಕ್ಕೆ ಬೆಸೆಟ್ಸುಂಗ್. ಎರಡನ್ನೂ ಬೆಸೆದು ಇನ್‌ಸ್ಟಾಂಡ್‌ಬೆಸೆಟ್ಸುಂಗ್ ಅಂತ ಹೊಸ ಪದ ಮಾಡಿಕೊಂಡರು. ಕಾನೂನಿನ ಪ್ರಕಾರ ಅವರು ಅತಿಕ್ರಮಣಕಾರರು, ಆದರೆ ಮಾಲೀಕ ಮಾಡಬೇಕಾದ ಕೆಲಸ ಮಾಡ್ತಿರೋರು ಅವರೇ.

1981ರ ಬೇಸಿಗೆಗೆ ಪಶ್ಚಿಮ ಬರ್ಲಿನ್ನಿನಲ್ಲಿ ಹೀಗೆ ಹಿಡಿದುಕೊಂಡ ಕಟ್ಟಡಗಳು 160ಕ್ಕೂ ಹೆಚ್ಚು. ಪೊಲೀಸರ ಜೊತೆ ಬೀದಿ ಕಾಳಗಗಳಾದವು. ಆ ಸೆಪ್ಟೆಂಬರ್‌ನಲ್ಲಿ ಮನೆ ಖಾಲಿ ಮಾಡಿಸಿದ ದಿನ ಹದಿನೆಂಟರ ಹುಡುಗನೊಬ್ಬ ಬಸ್ಸಿಗೆ ಸಿಕ್ಕು ಸತ್ತ. ಮುಂದಿನ ಮೂರು ವರ್ಷಗಳಲ್ಲಿ ಕೆಲವು ಮನೆಗಳನ್ನು ಬಲವಂತವಾಗಿ ಖಾಲಿ ಮಾಡಿಸಿದರು. ಅರ್ಧಕ್ಕಿಂತ ಹೆಚ್ಚು ಮನೆಗಳು ಬಾಡಿಗೆ ಅಥವಾ ಖರೀದಿ ಕರಾರಿನ ಮೂಲಕ ಅಕ್ರಮದಿಂದ ಸಕ್ರಮ ಆದವು. ನಮ್ಮ ಕಡೆಯವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಹನ್ನೆರಡು ಸೂತ್ರ

ಬೀದಿ ಗಲಾಟೆ ಮಾತ್ರ ಇದ್ದಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಇನ್ನೊಂದು ಕಡೆ ಲೆಕ್ಕ ಹಾಕುತ್ತಾ ಕೂತ ಒಬ್ಬರಿದ್ದರು. ವಾಸ್ತುಶಿಲ್ಪಿ ಹಾರ್ಟ್-ವಾಲ್ಟರ್ ಹೇಮರ್. 1970ರ ದಶಕದಲ್ಲಿ ಶಾರ್ಲೊಟ್ಟೆನ್‌ಬುರ್ಗ್ ಬಡಾವಣೆಯ ಒಂದು ಚೌಕದಲ್ಲಿ ಅವರು ಪ್ರಯೋಗ ಮಾಡಿ ತೋರಿಸಿದ್ದರು: ಕೆಡವಿ ಕಟ್ಟುವುದಕ್ಕಿಂತ ರಿಪೇರಿ ಅಗ್ಗ, ಮತ್ತು ಇರುವ ಜನರನ್ನು ಅಲ್ಲೇ ಉಳಿಸಿಕೊಂಡು ಅದನ್ನು ಮಾಡಬಹುದು.

ದಿನವಿಡೀ ಅಂಕಿಗಳ ಜೊತೆ ಕೆಲಸ ಮಾಡುವ ನನಗೆ ಇಲ್ಲಿ ರೋಮಾಂಚನ ಆಗುತ್ತೆ. ಯಾಕೆ ಅಂದರೆ ಹಳೆ ಯೋಜನೆ ಎಣಿಸಿದ್ದು ಕಟ್ಟಡಗಳನ್ನು: ವಯಸ್ಸು ಎಷ್ಟು, ಕಕ್ಕಸು ಎಲ್ಲಿ, ಬಿಸಿನೀರು ಇದೆಯಾ. ಆ ಪಟ್ಟಿಯಲ್ಲಿ ಪ್ರತಿಯೊಂದು ಹಳೆ ಮನೆಯೂ ಫೇಲು. ಹೇಮರ್ ಮತ್ತು ಜೊತೆಗಾರರು ಮನೆಯಿಂದ ಮನೆಗೆ ಹೋಗಿ ಬೇರೆ ಪ್ರಶ್ನೆ ಕೇಳಿದರು. ನಿಮಗೆ ಏನು ಬೇಕು? ಎಷ್ಟು ಬಾಡಿಗೆ ಕಟ್ಟಬಲ್ಲಿರಿ? ಮೊದಲು ಯಾವುದು ಆಗಬೇಕು? ದತ್ತಾಂಶದ ಕಾಲಮ್ಮು ಬದಲಾದಾಗ ಉತ್ತರವೂ ಬದಲಾಯ್ತು.

1979ರಲ್ಲಿ ಬರ್ಲಿನ್ ಒಂದು ಅಂತರರಾಷ್ಟ್ರೀಯ ಕಟ್ಟಡ ಪ್ರದರ್ಶನಕ್ಕೆ ಸಂಸ್ಥೆ ಸ್ಥಾಪಿಸಿದಾಗ ಅದರ ಹಳೆಕಟ್ಟಡ ವಿಭಾಗ ಹೇಮರ್ ಕೈಗೆ ಬಂತು. ಅವರ ತಂಡ ಎಚ್ಚರದ ನಗರ ನವೀಕರಣ ಅಂತ ಹೆಸರಿಟ್ಟು ಹನ್ನೆರಡು ಸೂತ್ರ ಬರೆಯಿತು. 1983ರಲ್ಲಿ ನಗರದ ಶಾಸನಸಭೆಯೂ ಅವನ್ನು ಸ್ವೀಕರಿಸಿತು. ಎಲ್ಲವನ್ನೂ ಇಲ್ಲಿ ಪಟ್ಟಿ ಮಾಡಲ್ಲ, ಮುಖ್ಯವಾದ ಕೆಲವನ್ನು ನನ್ನ ಮಾತಲ್ಲಿ ಹೇಳ್ತೀನಿ. ಈಗ ಅಲ್ಲಿ ಇರುವ ನಿವಾಸಿಗಳು, ಅಂಗಡಿಯವರ ಜೊತೆಗೇ ಯೋಜನೆ ಮಾಡಬೇಕು. ಅಪಾಯದಲ್ಲಿರುವ ಕಟ್ಟಡವನ್ನು ತಕ್ಷಣ ಭದ್ರ ಮಾಡಬೇಕು. ರಿಪೇರಿ ಹಂತಹಂತವಾಗಿ ಆಗಬೇಕು. ಕೆಡವೋದು ಆದಷ್ಟು ಕಡಿಮೆ ಇರಬೇಕು. ತೀರ್ಮಾನ ಮುಚ್ಚಿದ ಬಾಗಿಲ ಹಿಂದೆ ಅಲ್ಲ, ಆ ಜಾಗದಲ್ಲೇ ಎಲ್ಲರ ಮುಂದೆ ಚರ್ಚಿಸಿ ಆಗಬೇಕು. ಹಣದ ಭರವಸೆ ಗಟ್ಟಿ ಇರಬೇಕು.

ಹಂತಹಂತ ಅನ್ನೋದು ಬಹಳ ದೊಡ್ಡ ವಿಷಯ. ಒಂದೇ ಏಟಿಗೆ ಎಲ್ಲ ಐಷಾರಾಮ ಕೂರಿಸಿದರೆ ಬಾಡಿಗೆಯೂ ಒಂದೇ ಏಟಿಗೆ ಏರುತ್ತೆ. ಅದಕ್ಕೇ ಮೊದಲು ಸೂರು, ಆಮೇಲೆ ಕೊಳವೆ, ಆಮೇಲೆ ಮನೆಯೊಳಗೆ ಕಕ್ಕಸು. ಕಲ್ಲಿದ್ದಲ ಒಲೆ ಇನ್ನೂ ಸ್ವಲ್ಪ ವರ್ಷ ಇರಲಿ ಅಂದವರಿಗೆ ಅದೇ ಇರಲಿ. ತೇಯ್ಜೆಯ ಅಡುಗೆಮನೆಯ ಮೂಲೆಯಲ್ಲಿ ಇವತ್ತಿಗೂ ಒಂದು ಶವರ್ ಡಬ್ಬಿ ಇದೆ. ನೋಡಿದವರು ನಗ್ತಾರೆ. ಅವರು ಹೇಳೋದು: "ಹಾಗೆ ಮಾಡಿದ್ದಕ್ಕೇ ನಾನು ಇಲ್ಲಿ ಉಳಿದೆ."

ಶಾಲೆ, ಶಿಶುವಿಹಾರ, ಹಸಿರು ಅಂಗಳ ಕೂಡ ಯೋಜನೆಯ ಭಾಗ. ಡ್ರೆಸ್ಡೆನರ್ ಬೀದಿಯಲ್ಲಿ ಬಹುಮಹಡಿ ಕಾರ್ ಪಾರ್ಕಿಂಗ್ ಕಟ್ಟಡವನ್ನೇ ಶಿಶುವಿಹಾರ ಮಾಡಿದರು. ಕಾರು ನಿಲ್ಲಬೇಕಿದ್ದ ಮಹಡಿಗಳಲ್ಲಿ ಮಕ್ಕಳು ಓಡಾಡೋದನ್ನು ನಾನು ಸೈಕಲ್ಲಿನಲ್ಲಿ ಹೋಗುವಾಗ ನೋಡ್ತೀನಿ.

ಹಾಗಂತ ಇದನ್ನು ರಾಮರಾಜ್ಯ ಅನ್ನೋಕಾಗಲ್ಲ. 1975ರಿಂದ ಕ್ರಾಯ್ಟ್ಸ್‌ಬೆರ್ಗಿಗೆ ಹೊಸದಾಗಿ ವಿದೇಶಿಯರು ಬಂದು ನೆಲೆಸುವಂತಿಲ್ಲ ಅಂತ ನಿರ್ಬಂಧ ಇತ್ತು. ಟರ್ಕಿಶ್ ಮಾತಾಡುವ ಸಲಹೆಗಾರರು ಮನೆಮನೆಗೆ ಹೋದರು ನಿಜ, ಆದರೆ ಆ ಮನೆಗಳಲ್ಲಿದ್ದ ಬಹಳಷ್ಟು ಜನಕ್ಕೆ ಮತವೇ ಇರಲಿಲ್ಲ. ತಮ್ಮ ಅಡುಗೆಮನೆ ಬಗ್ಗೆ ಅವರನ್ನು ಕೇಳ್ತಿದ್ದರು, ಸರ್ಕಾರದ ಬಗ್ಗೆ ಕೇಳ್ತಿರಲಿಲ್ಲ.

ಗೋಡೆ ಬಿದ್ದ ಮೇಲೆ

1989ರ ನವೆಂಬರ್ 9ಕ್ಕೆ ಗೋಡೆ ಬಿತ್ತು. ಅಂಚಿನಲ್ಲಿದ್ದ ಕ್ರಾಯ್ಟ್ಸ್‌ಬೆರ್ಗ್ ಮತ್ತೆ ಊರಿನ ನಡುವೆ ಬಂತು. ಯಾರಿಗೂ ಬೇಡವಾಗಿದ್ದ ಎತ್ತರದ ಚಾವಣಿ, ಮರದ ನೆಲ, ಗಾರೆಯ ಹೂಬಳ್ಳಿ ಈಗ ಎಲ್ಲರಿಗೂ ಬೇಕು. ಪೂರ್ವದ ಪ್ರೆನ್ಸ್‌ಲಾವರ್ ಬೆರ್ಗ್ ಬಡಾವಣೆಯಲ್ಲಿ ಇದೇ ಎಚ್ಚರದ ಸೂತ್ರಗಳೊಂದಿಗೆ ಕೆಲಸ ಶುರುವಾಯ್ತು. ಆದರೆ ಸರ್ಕಾರದ ಹಣ ಬತ್ತಿ, ತೆರಿಗೆ ಲಾಭಕ್ಕೆ ಬಂದ ಖಾಸಗಿ ಹಣವೇ ಹೆಚ್ಚಾಯ್ತು. ಇವತ್ತು ಅಲ್ಲಿ ಹೋಗಿ ನೋಡಿ, ಮನೆಗಳ ಮುಂಭಾಗ ಮದುವೆ ಮನೆ ಹಾಗೆ ಹೊಳೀತಿದೆ. ಹಳೆ ನಿವಾಸಿಗಳು ಬಹುಪಾಲು ಅಲ್ಲಿಲ್ಲ.

ಜರ್ಮನಿಯ ಕಟ್ಟಡ ಸಂಹಿತೆಯ 172ನೇ ಕಲಂ ಈ ವಿಷಯದಲ್ಲಿ ಓದಬೇಕಾದದ್ದು. ಒಂದು ಪ್ರದೇಶವನ್ನು ಕಾಪಾಡೋಕೆ ಅದು ಬೇರೆಬೇರೆ ಕಾರಣ ಕೊಡುತ್ತೆ. ಮೊದಲನೆಯದು ಆ ಜಾಗದ ಕಟ್ಟಡಗಳ ಸ್ವರೂಪ. ಎರಡನೆಯದು ಅಲ್ಲಿ ವಾಸಿಸುವ ಜನಸಮುದಾಯದ ಸ್ವರೂಪ. ಕಲ್ಲಿಗೆ ಒಂದು ಸಾಲು, ಮನುಷ್ಯರಿಗೆ ಇನ್ನೊಂದು. ಎರಡನೇ ಸಾಲಿನ ಬಲದಿಂದ, ಬಾಡಿಗೆ ಏರಿಸೋಕೆಂದೇ ಮಾಡುವ ಐಷಾರಾಮಿ ನವೀಕರಣವನ್ನು ನಗರ ತಡೆಯಬಹುದು. ಕಟ್ಟಡ ಮಾರಾಟಕ್ಕೆ ಬಂದರೆ ತಾನೇ ಮೊದಲು ಕೊಳ್ಳುವ ಹಕ್ಕನ್ನೂ ಬರ್ಲಿನ್ ಬಳಸ್ತಿತ್ತು. 2021ರ ನವೆಂಬರ್‌ನಲ್ಲಿ ಸರ್ವೋಚ್ಚ ಆಡಳಿತ ನ್ಯಾಯಾಲಯ ಆ ಹಕ್ಕನ್ನು ಬಹಳ ಮಟ್ಟಿಗೆ ಕತ್ತರಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬರ್ಲಿನ್ನಿನ ಬಾಡಿಗೆ ಮಿತಿ ಕಾನೂನನ್ನೂ ಸಂವಿಧಾನ ನ್ಯಾಯಾಲಯ ರದ್ದು ಮಾಡಿತ್ತು.

ಇನ್ನೊಂದು ವಿಷಯ, ಇದು ನನ್ನ ಕಸುಬಿಗೆ ಹತ್ತಿರದ್ದು. ಊರಿನ ಬಾಡಿಗೆ ಎಷ್ಟಿರಬೇಕು ಅಂತ ಅಳೆಯೋಕೆ ಮೀಟ್‌ಶ್ಪೀಗೆಲ್ ಅನ್ನೋ ಕೋಷ್ಟಕ ಇದೆ. ಅದರ ಲೆಕ್ಕಕ್ಕೆ ಬರೋದು ಕಳೆದ ಆರು ವರ್ಷಗಳಲ್ಲಿ ಹೊಸದಾಗಿ ಮಾಡಿಕೊಂಡ ಅಥವಾ ಬದಲಾದ ಬಾಡಿಗೆಗಳು ಮಾತ್ರ. ದಶಕಗಳಿಂದ ಬದಲಾಗದ ಬಾಡಿಗೆ ಅಲ್ಲಿ ಎಣಿಕೆಗೇ ಇಲ್ಲ. ಅಂದರೆ ಸಾಫ್ಟ್‌ವೇರ್ ಸಂಬಳ ಹಿಡಿದು ಬಂದು, ಕೇಳಿದಷ್ಟು ಕೊಟ್ಟು ಸೇರಿಕೊಂಡ ನನ್ನ ಬಾಡಿಗೆ ಸ್ಯಾಂಪಲ್ಲಿಗೆ ಸಿಕ್ಕರೆ ಸರಾಸರಿ ಮೇಲಕ್ಕೆ ಹೋಗುತ್ತೆ. ಆ ಸರಾಸರಿ ತೋರಿಸಿ ಕೆಳಗಿನ ಮನೆಯ ಬಾಡಿಗೆ ಏರಿಸಬಹುದು. ನಾನು ಯಾರಿಗೂ ಕೆಟ್ಟದ್ದು ಬಯಸಿಲ್ಲ. ಆದರೂ ಆ ಲೆಕ್ಕದಲ್ಲಿ ನಾನೂ ಒಂದು ಅಂಕಿ.

ನಮ್ಮೂರಿನ ಮಾರ್ಕೆಟ್ಟು

ಇದೆಲ್ಲ ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ಮೈಸೂರು. ಲ್ಯಾನ್ಸ್‌ಡೌನ್ ಕಟ್ಟಡದ ಕಂಬಸಾಲಿನ ಕೆಳಗೆ ಹಳೆ ಪುಸ್ತಕದ ಅಂಗಡಿಗಳು ಇದ್ದವು. ನನ್ನ ಪಿಯುಸಿ ಗಣಿತದ ಪುಸ್ತಕಗಳೆಲ್ಲ ಅಲ್ಲಿಂದಲೇ ಬಂದದ್ದು. ಪಕ್ಕದಲ್ಲೇ ದೇವರಾಜ ಮಾರುಕಟ್ಟೆ, ಅಲ್ಲಿನ ಹೂವು, ವೀಳ್ಯದೆಲೆ, ರಸಬಾಳೆ, ಕುಂಕುಮದ ಗುಡ್ಡೆಗಳು.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಆಮೇಲೆ ಕೆಡವಿ ಕಟ್ಟಬೇಕೋ, ರಿಪೇರಿ ಮಾಡಬೇಕೋ ಅನ್ನೋ ವಾದ ಸಮಿತಿಗಳಲ್ಲಿ, ಕೋರ್ಟಿನಲ್ಲಿ ವರ್ಷಗಟ್ಟಲೆ ನಡೀತು.

ದೂರದಲ್ಲಿ ಕೂತ ನಮ್ಮಂಥವರು ಆಗ ಏನು ಮಾಡ್ತೀವಿ? ಫೇಸ್‌ಬುಕ್ಕಿನಲ್ಲಿ ಹಳೆ ಫೋಟೋ ಹಾಕಿ "ಪರಂಪರೆ ಉಳಿಸಿ" ಅಂತೀವಿ. ನಾನೂ ಹಾಕಿದ್ದೆ. ಆಗ ನನ್ನ ಒಬ್ಬ ಸ್ನೇಹಿತ ಫೋನ್ ಮಾಡಿ ಕೇಳಿದ: "ನೀನು ವರ್ಷಕ್ಕೆ ಒಂದು ಸಲ ಬಂದು ಫೋಟೋ ತೆಗೀತೀಯ. ತಲೆ ಮೇಲೆ ಸೂರು ಬೀಳುತ್ತಾ ಅಂತ ನೋಡ್ಕೊಂಡು ದಿನಾ ಹೂವು ಕಟ್ಟೋಳ ಹತ್ತಿರ ಕೇಳಿದ್ಯಾ?" ಕೇಳಿರಲಿಲ್ಲ.

ಅವನ ಪ್ರಶ್ನೆಗೆ ಹೇಮರ್ ಸೂತ್ರದಲ್ಲಿ ಒಂದು ಉತ್ತರ ಇದೆ ಅಂತ ನನಗನ್ನಿಸುತ್ತೆ. ಹಳೆಯದು ಅನ್ನೋ ಒಂದೇ ಕಾರಣಕ್ಕೆ ಏನೂ ಉಳಿಯಬೇಕಿಲ್ಲ. ಅಪಾಯ ಇದ್ದರೆ ಮೊದಲು ಅದನ್ನು ಭದ್ರ ಮಾಡಿ, ಸಮಿತಿ ಆಮೇಲೆ ಕೂರಲಿ. ರಿಪೇರಿಗೆ ವರ್ಷ ವರ್ಷ ಹಣ ತೆಗೆದಿಡಿ, ಯಾಕೆಂದರೆ ಕಟ್ಟಡ ಬೀಳೋದು ವಯಸ್ಸಿನಿಂದ ಅಲ್ಲ, ಸೋರಿದ ನೀರು ವರ್ಷಗಟ್ಟಲೆ ಗೋಡೆಗೆ ಇಳಿಯೋದರಿಂದ. ಅಂಗಡಿಯವರನ್ನು ತಾತ್ಕಾಲಿಕವಾಗಿ ಎಲ್ಲಿಗೆ ಕಳಿಸ್ತೀರಿ, ಯಾವಾಗ ವಾಪಸ್ ಕರೀತೀರಿ, ಬಂದ ಮೇಲೆ ಬಾಡಿಗೆ ಎಷ್ಟು ಅನ್ನೋದನ್ನು ಮೊದಲೇ ಕಾಗದದ ಮೇಲೆ ಬರೆದುಕೊಡಿ. ಹೂವಿನವಳು ವಾಪಸ್ ಬರೋಕಾಗದ ಮಾರುಕಟ್ಟೆಯ ಕಮಾನು ಎಷ್ಟು ಚಂದ ಇದ್ದರೂ ಅದು ದಸರಾ ಸ್ತಬ್ಧಚಿತ್ರ ಅಷ್ಟೇ.

ಆ ಫೋನ್ ಕರೆ

ಕಳೆದ ಚಳಿಗಾಲದಲ್ಲಿ ನಮ್ಮ ಕಟ್ಟಡ ಕೈ ಬದಲಾಯ್ತು. ಒಂದೊಂದೇ ಮನೆಯಾಗಿ ಮಾರ್ತಾರೆ ಅಂತ ಸುದ್ದಿ. ಆಮೇಲೆ ಒಬ್ಬ ದಲ್ಲಾಳಿ ನನಗೆ ಫೋನ್ ಮಾಡಿದ. ನನ್ನ ಕೆಲಸ ಏನು ಅಂತ ಅವನಿಗೆ ಗೊತ್ತಿತ್ತು. ಕೆಳಗಿನ ಮನೆ ಕೊಳ್ಳೋ ಆಸಕ್ತಿ ಇದೆಯಾ ಅಂದ. ಒಳಗೆ ಬಾಡಿಗೆದಾರರು ಇರೋದರಿಂದ ಬೆಲೆ ಕಡಿಮೆ. ಬರ್ಲಿನ್ನಲ್ಲಿ ಹಾಗೆ ಕೊಂಡವರು ಸ್ವಂತ ವಾಸಕ್ಕೆ ಬೇಕು ಅಂತ ಹತ್ತು ವರ್ಷ ಖಾಲಿ ಮಾಡಿಸುವಂತಿಲ್ಲ. "ಆದರೆ ಆಕೆಗೆ ಈಗಲೇ ಎಪ್ಪತ್ತಾರು," ಅಂದ. ಮುಂದಿನದನ್ನು ಅವನು ಹೇಳಲಿಲ್ಲ. ನಾನು ಲೆಕ್ಕ ಹಾಕೋದು ಕಲಿತವನು, ಹೇಳಬೇಕಾಗಿರಲಿಲ್ಲ.

ಬೇಡ ಅಂದೆ. ಅದು ದೊಡ್ಡತನ ಏನಲ್ಲ. ಅವನ ಪಟ್ಟಿಯಲ್ಲಿ ನನ್ನ ಕೆಳಗೆ ಇನ್ನೂ ಹೆಸರುಗಳಿರ್ತವೆ. ನಿಜ ಹೇಳಬೇಕಂದರೆ, ಇಲ್ಲ ಅನ್ನೋಕೆ ಮುಂಚೆ ಎರಡು ದಿನ ಯೋಚನೆ ಮಾಡಿದೆ, ಒಂದು ಎಕ್ಸೆಲ್ ಕೂಡ ತೆರೆದಿದ್ದೆ.

ಈಗ ನಮ್ಮ ಅಂಗಳದಲ್ಲಿ ತಿಂಗಳಿಗೊಂದು ಸಭೆ ನಡೆಯುತ್ತೆ. ಬಾಡಿಗೆದಾರರ ಸಂಘಕ್ಕೆ ಎಲ್ಲರೂ ಸೇರಿಕೊಂಡಿದ್ದೀವಿ. ಬಂದ ಕಾಗದಗಳನ್ನು ಒಬ್ಬರು ಓದಿ ಹೇಳ್ತಾರೆ, ತೇಯ್ಜೆಯ ಮೊಮ್ಮಗಳು ಟರ್ಕಿಶ್‌ಗೆ ತಿರುಗಿಸ್ತಾಳೆ. ಮನೆಗಳ ಪಟ್ಟಿ, ಬಾಡಿಗೆ, ಕರಾರಿನ ವರ್ಷ ಎಲ್ಲ ಒಂದು ಕಡೆ ಬರೆದಿಡೋ ಕೆಲಸ ನನ್ನದು. ಈ ಸಲ ಕಾಲಮ್ಮುಗಳನ್ನು ಎಲ್ಲರನ್ನೂ ಕೇಳಿ ಮಾಡಿದ್ದೀನಿ. ತೇಯ್ಜೆ ಹೇಳಿ ಹಾಕಿಸಿದ ಕಾಲಮ್ಮು: ಈ ಮನೆಯಲ್ಲಿ ಎಷ್ಟು ಮಕ್ಕಳು ಹುಟ್ಟಿದರು.

ನಿಮ್ಮಲ್ಲಿ ಸಿಂಗಪುರದಲ್ಲಿ, ಲಂಡನ್ನಿನಲ್ಲಿ, ಟೊರಾಂಟೋದಲ್ಲಿ ಹಳೆ ಬೀದಿಗಳಲ್ಲಿ ಇರೋರು ಬಹಳ ಜನ ಇದ್ದೀರಿ. ನಿಮಗಿಂತ ಮೊದಲು ನಿಮ್ಮ ಮನೆಯಲ್ಲಿ ಯಾರಿದ್ದರು, ಅವರು ಈಗ ಎಲ್ಲಿದ್ದಾರೆ ಅಂತ ಒಂದು ಸಲ ವಿಚಾರಿಸಿ ನೋಡಿ. ಗೊತ್ತಾದದ್ದನ್ನು ನಮಗೂ ಬರೆದು ಕಳಿಸಿ. ಕನ್ನಡ ತಪ್ಪಾದರೂ ಪರವಾಗಿಲ್ಲ. ಮುಂದಿನ ಕಂತಿನಲ್ಲಿ ಓದೋಣ.